ಉಂಬಳಿಯಿಲ್ಲದ ಡ್ಯೂಕ್

ಬೆಂಗಳೂರಿನ ಹುಡುಗರಿಗೆ ‘ಡ್ಯೂಕ್’ ಅಂದರೆ ಕಿತ್ತಳೆ ಬಣ್ಣದ ಕೆಟಿಎಂ ಬೈಕು. ಲ್ಯಾಟಿನ್ನಿನಲ್ಲಿ ಈ ಪದದ ಮೂಲ ‘ಡುಕ್ಸ್’, ದಂಡು ನಡೆಸುವವನು. 1337ರಲ್ಲಿ ಇಂಗ್ಲೆಂಡಿನ ಮೂರನೇ ಎಡ್ವರ್ಡ್ ತನ್ನ ಮಗನನ್ನು ಕಾರ್ನ್‌ವಾಲ್‌ನ ಡ್ಯೂಕ್ ಮಾಡಿದಾಗ ಬಿರುದಿನ ಜೊತೆಗೆ ಆಸ್ತಿಯನ್ನೂ ಕೊಟ್ಟ. ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದವರಲ್ಲೊಬ್ಬನಾದ ಆರ್ಥರ್ ವೆಲ್ಲೆಸ್ಲಿ 1814ರಲ್ಲಿ ವೆಲ್ಲಿಂಗ್ಟನ್ನಿನ ಡ್ಯೂಕ್ ಆದದ್ದೂ ಯುದ್ಧ ಗೆದ್ದೇ.

ಈಗ ರಾಜಮನೆತನದ ಹುಡುಗ ಡ್ಯೂಕ್ ಆಗಲು ಸಾಮಾನ್ಯವಾಗಿ ಮದುವೆಯಾದರೆ ಸಾಕು. 1986ರಲ್ಲಿ ಆ್ಯಂಡ್ರೂಗೆ ಯಾರ್ಕ್, 2011ರಲ್ಲಿ ವಿಲಿಯಂಗೆ ಕೇಂಬ್ರಿಡ್ಜ್, 2018ರಲ್ಲಿ ಹ್ಯಾರಿಗೆ ಸಸೆಕ್ಸ್. ಮದುವೆಯ ದಿನವೇ ಅರಮನೆಯ ಪ್ರಕಟಣೆ. ಮಗನಿಗೂ ಮೊಮ್ಮಕ್ಕಳಿಗೂ ರಾಣಿ ಎಲಿಜಬೆತ್ ಓದಿಸಿದ ಮುಯ್ಯಿ ಅನ್ನಿ. ಆ ಊರುಗಳಲ್ಲಿ ಒಂದು ಗೇಣು ನೆಲವೂ ಇದರಿಂದ ಸಿಗುವುದಿಲ್ಲ. ಲೆಕ್ಕಾಚಾರ ಮಾತ್ರ ಪಕ್ಕಾ: ವಿಲಿಯಂಗೆ ಇಂಗ್ಲೆಂಡಿನ ಕೇಂಬ್ರಿಡ್ಜ್ ಜೊತೆಗೆ ಸ್ಕಾಟ್ಲೆಂಡಿನ ಸ್ಟ್ರಾಥರ್ನ್, ಉತ್ತರ ಐರ್ಲೆಂಡಿನ ಕ್ಯಾರಿಕ್‌ಫರ್ಗಸ್. ಯಾರೂ ಮುನಿಸಿಕೊಳ್ಳಬಾರದು ನೋಡಿ. (ವೇಲ್ಸ್‌ಗೆ ಹೇಗೂ ಒಬ್ಬ ಪ್ರಿನ್ಸ್ ಇದ್ದಾನೆ.)

ಗಂಡ ಡ್ಯೂಕ್ ಆದರೆ ಹೆಂಡತಿ ತಾನಾಗಿಯೇ ಡಚೆಸ್. ಆದರೂ ಹ್ಯಾರಿಯ ಹೆಂಡತಿ ಮೇಗನ್‌ಗಿಂತ ಮೊದಲು ಸಸೆಕ್ಸ್‌ಗೆ ಡಚೆಸ್ ಇರಲೇ ಇಲ್ಲ. ಹಿಂದಿನ ಡ್ಯೂಕ್, ಮೂರನೇ ಜಾರ್ಜ್‌ನ ಆರನೇ ಮಗ ಆಗಸ್ಟಸ್, ಎರಡು ಮದುವೆಯಾಗಿದ್ದ. ಎರಡೂ ದೊರೆಯ ಅಪ್ಪಣೆಯಿಲ್ಲದೆ. 1772ರ ಕಾಯ್ದೆಯ ಪ್ರಕಾರ ಅವು ಮದುವೆಗಳೇ ಅಲ್ಲ. ಮೊದಲನೆಯದನ್ನು 1794ರಲ್ಲೇ ಅಸಿಂಧು ಮಾಡಿಸಿದರು. ಎರಡನೆಯವಳು ಸಿಸಿಲಿಯಾ, ಆಕೆಗೆ ಗಂಡನ ಬಿರುದು ಕೊಡುವ ಹಾಗಿಲ್ಲ, ಸುಮ್ಮನೆ ಬಿಡಲೂ ಮನಸ್ಸಿಲ್ಲ. 1840ರಲ್ಲಿ ರಾಣಿ ವಿಕ್ಟೋರಿಯಾ ಆಕೆಯನ್ನು ಇನ್ವರ್ನೆಸ್‌ನ ಡಚೆಸ್ ಮಾಡಿ ಕೈತೊಳೆದುಕೊಂಡಳು. ಗಂಡ ಒಂದೂರಿನ ಡ್ಯೂಕ್, ಹೆಂಡತಿ ಇನ್ನೊಂದೂರಿನ ಡಚೆಸ್! 1843ರಲ್ಲಿ ಆತ ತೀರಿಕೊಂಡ ಮೇಲೆ ಸಸೆಕ್ಸ್ ಬಿರುದು ಹ್ಯಾರಿಯ ಮದುವೆಯವರೆಗೂ ಖಾಲಿ ಬಿದ್ದಿತ್ತು.

ನನಗೆ ಇದರಲ್ಲಿ ಸರಿಬೀಳದ್ದು ಬೇರೆಯೇ. ಮನೆಗೆ ಬಂದ ಸೊಸೆಗೆ ಬಿರುದುಂಟು, ಅಳಿಯನಿಗೆ ತಾನಾಗಿ ಏನೂ ಬರುವುದಿಲ್ಲ. ರಾಣಿ ಎಲಿಜಬೆತ್‌ಳ ತಂಗಿ ಮಾರ್ಗರೆಟ್‌ಳ ಗಂಡ, ಫೋಟೊಗ್ರಾಫರ್ ಆರ್ಮ್‌ಸ್ಟ್ರಾಂಗ್-ಜೋನ್ಸ್, ಸ್ನೋಡನ್ನಿನ ಅರ್ಲ್ ಆದದ್ದು ಮದುವೆಯ ಮರುವರ್ಷ, 1961ರಲ್ಲಿ, ಮೊದಲ ಮಗು ಹುಟ್ಟುವ ಹೊತ್ತಿಗೆ. ರಾಣಿಯ ಒಬ್ಬಳೇ ಮಗಳು ಆ್ಯನ್‌ಳನ್ನು 1973ರಲ್ಲಿ ಕೈಹಿಡಿದ ಮಾರ್ಕ್ ಫಿಲಿಪ್ಸ್ ಅದನ್ನೂ ಪಡೆಯಲಿಲ್ಲ. ಸೇನೆಯ ಕ್ಯಾಪ್ಟನ್ ಆಗಿಯೇ ಉಳಿದ. ಹಾಗಾಗಿ ರಾಣಿ ಎಲಿಜಬೆತ್‌ಳ ಮೊದಲ ಮೊಮ್ಮಗ ಹುಟ್ಟಿದಾಗ ಆತ ಬರೀ ಪೀಟರ್ ಫಿಲಿಪ್ಸ್.