ಕೊಯ್ಯುವವರಿಲ್ಲದ ಹೂಗಳು

ಮೊದಲ ಮಹಾಯುದ್ಧದ ಇಂಗ್ಲಿಷ್ ಕವಿತೆ ಎಂದೊಡನೆ ಕಂದಕಗಳ ಕೆಸರು, ವಿಷಾನಿಲ, ಹೆಣಗಳ ರಾಶಿ ಕಣ್ಣಮುಂದೆ ಬರುತ್ತವೆ. ವಿಲ್ಫ್ರೆಡ್ ಓವೆನ್, ಸೀಗ್‌ಫ್ರೀಡ್ ಸಸೂನ್ ಮೊದಲಾದವರು ರಣರಂಗದಲ್ಲಿ ಕಂಡುದನ್ನೇ ಬರೆದರು. ಎಡ್ವರ್ಡ್ ಥಾಮಸ್ ಅವರ ಕವಿತೆಗಳಲ್ಲಿರುವುದಾದರೋ ಉಳುವ ಹೊಲ, ಬೇಲಿಸಾಲು, ಮಳೆ, ಹಕ್ಕಿಯ ಕೂಗು. ಇವರನ್ನು ಯುದ್ಧಕವಿ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಯುದ್ಧವು ಒಂದು ಹಳ್ಳಿಯಿಂದ ಏನನ್ನು ಕಸಿದುಕೊಳ್ಳುತ್ತದೆ ಎಂಬುದನ್ನು ಇಷ್ಟು ಮೆಲುದನಿಯಲ್ಲಿ ಹೇಳಿದವರು ವಿರಳವೆಂದೇ ನನ್ನ ಎಣಿಕೆ.

1878ರಲ್ಲಿ ಲಂಡನ್ನಿನಲ್ಲಿ ಜನಿಸಿದ ಥಾಮಸ್ ಹೊಟ್ಟೆಪಾಡಿಗಾಗಿ ವರ್ಷಗಟ್ಟಲೆ ಗದ್ಯ ಬರೆದವರು. ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಅವರ ಒತ್ತಾಸೆಯಿಂದ ಕವಿತೆಗೆ ತೊಡಗಿದ್ದು 1914ರ ಕೊನೆಗೆ, ಯುದ್ಧ ಆರಂಭವಾದ ಮೇಲೆ. 1915ರ ಜುಲೈನಲ್ಲಿ, 37ರ ವಯಸ್ಸಿನಲ್ಲಿ, ಮೂವರು ಮಕ್ಕಳ ತಂದೆಯಾಗಿದ್ದ ಅವರು ತಾವಾಗಿಯೇ ಸೈನ್ಯ ಸೇರಿದರು. ಯಾತಕ್ಕಾಗಿ ಹೋರಾಡುತ್ತೀರಿ ಎಂದು ಗೆಳತಿ, ಲೇಖಕಿ ಎಲೀನರ್ ಫಾರ್ಜನ್ ಕೇಳಿದಾಗ ಅವರು ಬಾಗಿ ಒಂದು ಚಿಟಿಕೆ ಮಣ್ಣನ್ನೆತ್ತಿ ಬೆರಳುಗಳ ನಡುವೆ ಪುಡಿಮಾಡಿದರೆಂದು ಆಕೆ ಬರೆದಿದ್ದಾರೆ. ಪತ್ರಿಕೆಗಳು ಉಕ್ಕಿಸುತ್ತಿದ್ದ ಜರ್ಮನ್ ದ್ವೇಷ ಮಾತ್ರ ಅವರಿಗೆ ಒಗ್ಗಲಿಲ್ಲ. ಕೆಲವು ದೇವಾಲಯಗಳ ಬೋಧನಪೀಠದಿಂದಲೂ ಆ ದ್ವೇಷ ಕೇಳಿಬರುತ್ತಿದ್ದ ಕಾಲವದು ಎಂಬುದನ್ನು ಯಾಜಕನಾದ ನಾನು ಸಂಕೋಚದಿಂದಲೇ ನೆನೆಯುತ್ತೇನೆ.

1916ರಲ್ಲಿ ಬರೆದ ಒಂದು ಕವಿತೆಯಲ್ಲಿ, ಹಿಮದ ಬಿರುಗಾಳಿಗೆ ಉರುಳಿದ ಎಲ್ಮ್ ಮರದ ಮೇಲೆ ಕವಿ ಕುಳಿತಿದ್ದಾರೆ. ಕುದುರೆ ಕಟ್ಟಿ ಹೊಲ ಉಳುತ್ತಿರುವಾತ ಸಾಲಿನ ತಿರುವಿನಲ್ಲಿ ಒಂದೆರಡು ಮಾತಾಡಿ ಸಾಗುತ್ತಾನೆ. ಮರಳಿ ಬಂದಾಗ ಮಾತು ಮುಂದುವರಿಯುತ್ತದೆ. ಯುದ್ಧ ಮುಗಿಯುವ ತನಕ ಆ ಮರವನ್ನು ತೆರವು ಮಾಡುವವರಿಲ್ಲ. ಉಳುವಾತನ ಜೊತೆಗಾರನೊಬ್ಬ ಫ್ರಾನ್ಸಿನಲ್ಲಿ ಸತ್ತಿದ್ದಾನೆ, ಅದೂ ಮರ ಉರುಳಿದ ರಾತ್ರಿಯೇ. ಅವನು ಊರಲ್ಲೇ ಉಳಿದಿದ್ದರೆ ಮರ ಅಲ್ಲಿ ಬಿದ್ದಿರುತ್ತಿರಲಿಲ್ಲ. ಅಳುವಿಲ್ಲ, ಆಕ್ರೋಶವಿಲ್ಲ. ದುಡಿಯುವವನಿಗೆ ಗೆಳೆಯನ ಸಾವು ಅಳತೆಗೆ ಸಿಗುವುದು ನಿಂತುಹೋದ ಕೆಲಸದಲ್ಲಿ. ಒಕ್ಕಲುತನದ ಮನೆಯಲ್ಲಿ ಸಾವು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾನು ಹೆಚ್ಚು ಸಲ ಓದಿರುವುದು ‘ಇನ್ ಮೆಮೋರಿಯಂ’ ಎಂಬ ಹೆಸರಿನಲ್ಲಿ ಅಚ್ಚಾಗಿರುವ, 1915ರ ಪಾಸ್ಖ ಕಾಲದ, ನಾಲ್ಕೇ ಸಾಲುಗಳ ಪದ್ಯ. ಕಾಡಿನಲ್ಲಿ ಹೂಗಳು ದಟ್ಟವಾಗಿ ಉಳಿದುಹೋಗಿವೆ. ತಮ್ಮ ಹುಡುಗಿಯರೊಡನೆ ಬಂದು ಅವನ್ನು ಕೊಯ್ಯಬೇಕಿದ್ದ ತರುಣರು ಊರಲ್ಲಿಲ್ಲ. ಪಾಸ್ಖ ಹಬ್ಬಕ್ಕೆ ಇಂಗ್ಲೆಂಡಿನ ದೇವಾಲಯಗಳನ್ನು ವಸಂತದ ಹೂಗಳಿಂದ ಸಿಂಗರಿಸುವ ವಾಡಿಕೆಯನ್ನು ಬಲ್ಲವರಿಗೆ ಈ ಹೂಗಳ ಭಾರ ತಿಳಿಯುತ್ತದೆ. ಪುನರುತ್ಥಾನದ ಹೆಸರೆತ್ತದೆ, ಸಾಂತ್ವನದ ಮಾತಾಡದೆ ಪದ್ಯ ಮುಗಿಯುತ್ತದೆ. ಅಲ್ಲೊಂದು ಸಾಂತ್ವನ ಸೇರಿಸಲು ನಮ್ಮಂಥ ಬೋಧಕರ ನಾಲಿಗೆ ತುಡಿಯುತ್ತದೆ; ಶುಭ ಶುಕ್ರವಾರದಿಂದ ನೇರ ಭಾನುವಾರಕ್ಕೆ ಹಾರುವ ಅವಸರ ನಮ್ಮದು. ಆದರೆ ಬಲಿಪೂಜೆಯಿಲ್ಲದ, ಬರಿದಾದ ಪೀಠದ ಶನಿವಾರವೊಂದನ್ನು ಶ್ರೀಸಭೆ ನಡುವೆ ಇಟ್ಟಿದೆಯಲ್ಲ! ಮಡಿದ ಮಕ್ಕಳ ತಾಯಂದಿರು ಇರುವುದು ಆ ಶನಿವಾರದಲ್ಲಿ. ಈ ಪದ್ಯವೂ ಅವರ ಜೊತೆಗೆ ಅಲ್ಲೇ ನಿಲ್ಲುತ್ತದೆ.

1917ರ ಜನವರಿ ಕೊನೆಗೆ ಥಾಮಸ್ ಫಿರಂಗಿದಳದ ಅಧಿಕಾರಿಯಾಗಿ ಫ್ರಾನ್ಸಿಗೆ ಹೊರಟರು. ಏಪ್ರಿಲ್ 9ರಂದು, ಅರಾಸ್ ಕದನದ ಮೊದಲ ದಿನವೇ ಹತರಾದರು. ಅಂದು ಪಾಸ್ಖ ಹಬ್ಬದ ಮರುದಿನ, ಸೋಮವಾರ. ಎರಡೂವರೆ ವರ್ಷವೂ ತುಂಬದ ಅವಧಿಯಲ್ಲಿ ಬರೆದ ನೂರನಾಲ್ವತ್ತಕ್ಕೂ ಹೆಚ್ಚು ಕವಿತೆಗಳಲ್ಲಿ ಬಹುಪಾಲನ್ನು ಅವರು ಅಚ್ಚಿನಲ್ಲಿ ನೋಡಲಿಲ್ಲ.