ಕೆಂಪುಹೊಳೆಯ ಕಪ್ಪೆಗಳು: ಉಸಿರಾಟ ಮತ್ತು ಭಿನ್ನತೆ

ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಶಿರಾಡಿ ಘಾಟಿಯ ಹೆದ್ದಾರಿಯ ಮಗ್ಗುಲಲ್ಲೇ ಇಳಿಯುವ ಕೆಂಪುಹೊಳೆ ಕಪ್ಪೆಗಳ ಅಧ್ಯಯನದಲ್ಲಿ 1937ರಿಂದ ಹೆಸರಾದ ತಾಣ. ಶ್ವಾಸಕೋಶದಿಂದಲೂ ಚರ್ಮದಿಂದಲೂ ಉಸಿರಾಡುವ ಜೀವಿಗಳು ಒಂದೇ ಕಣಿವೆಯಲ್ಲಿ ಎಷ್ಟೊಂದು ಬಗೆಯಾಗಿ ಬಾಳಬಲ್ಲವೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಶ್ವಾಸಕೋಶದ ಅಧ್ಯಯನಕ್ಕೂ ಕಪ್ಪೆಗೂ ಹಳೆಯ ನಂಟು. ಅಪಧಮನಿಯ ರಕ್ತ ಅಭಿಧಮನಿಗೆ ದಾಟುವ ದಾರಿಯನ್ನು 1628ರಲ್ಲಿ ವಿಲಿಯಂ ಹಾರ್ವೆಗೆ ತೋರಿಸಲಾಗಿರಲಿಲ್ಲ. ಆ ದಾರಿಯಾದ ಲೋಮನಾಳಗಳನ್ನು 1661ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪಿಗಿ ಕಂಡದ್ದು ಕಪ್ಪೆಯ ಶ್ವಾಸಕೋಶದಲ್ಲಿ. 1904ರಲ್ಲಿ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಕಪ್ಪೆಯ ಚರ್ಮದ ಪಾಲನ್ನೂ ಶ್ವಾಸಕೋಶದ ಪಾಲನ್ನೂ ಬೇರೆಬೇರೆಯಾಗಿ ಅಳೆದರು. ಇಂಗಾಲದ ಡೈಆಕ್ಸೈಡ್‌ನ ಬಹುಪಾಲು ಚರ್ಮದಿಂದಲೇ ಹೊರಬೀಳುತ್ತಿತ್ತು. ಆಮ್ಲಜನಕದ ಲೆಕ್ಕ ಮಾತ್ರ ಋತುವಿನೊಂದಿಗೆ ಏರುಪೇರಾಗುತ್ತಿತ್ತು: ಚಳಿಗಾಲದಲ್ಲಿ ಚರ್ಮ ಮುಂದು, ಬೆದೆಗಾಲದಲ್ಲಿ ಶ್ವಾಸಕೋಶ ಮುಂದು. ಇಂಗಾಲದ ಡೈಆಕ್ಸೈಡ್ ಒದ್ದೆ ಅಂಗಾಂಶದಲ್ಲಿ ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಸಲೀಸಾಗಿ ಹಾಯುವುದೇ ಅದರ ಬಹುಪಾಲು ಚರ್ಮದಿಂದ ಹೊರಬೀಳಲು ಕಾರಣ.

ಶ್ವಾಸಕೋಶಕ್ಕೆ ಗಾಳಿ ಸೆಳೆಯುವ ವಪೆ ಕಪ್ಪೆಗಿಲ್ಲ. ಕೂತ ಕಪ್ಪೆಯ ಗಂಟಲು ಬಡಬಡ ಏರಿಳಿಯುವುದನ್ನು ಎಲ್ಲರೂ ನೋಡಿರುತ್ತಾರೆ. ಆ ಬಡಿತಗಳಲ್ಲಿ ಹೆಚ್ಚಿನವು ಬಾಯೊಳಗಿನ ಗಾಳಿಯನ್ನಷ್ಟೇ ಬದಲಿಸುತ್ತವೆ. ನಡುನಡುವೆ ಮೂಗಿನ ಹೊಳ್ಳೆ ಮುಚ್ಚಿ, ಬಾಯಿಯ ತಳವನ್ನು ಮೇಲೆತ್ತಿ ಗಾಳಿಯನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ. ಮನುಷ್ಯನ ಶ್ವಾಸಕೋಶದಂತೆ ಕೋಟಿಗಟ್ಟಲೆ ಗಾಳಿಗೂಡುಗಳು ಅಲ್ಲಿಲ್ಲ. ಒಳಗೋಡೆಯಲ್ಲಿ ಕೆಲವು ಮಡಿಕೆಗಳುಳ್ಳ ಚೀಲ ಅಷ್ಟೆ. ಹೃದಯದಿಂದ ಹೊರಡುವ ಒಂದೇ ಧಮನಿ ಕವಲೊಡೆದು ಶ್ವಾಸಕೋಶಕ್ಕೂ ಚರ್ಮಕ್ಕೂ ರಕ್ತ ಒಯ್ಯುತ್ತದೆ.

ಕೆಂಪುಹೊಳೆಯನ್ನು ಕಪ್ಪೆಗಳ ಅಧ್ಯಯನದ ಚರಿತ್ರೆಗೆ ತಂದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ, ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕ ಸಿ.ಆರ್. ನಾರಾಯಣ ರಾವ್ (1882–1960). ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ 1937ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಇರುಳುಗಪ್ಪೆಗೆ ಈ ಹೊಳೆಯ ಹೆಸರಿದೆ. ಅದೇ ಇಂದಿನ ನಿಕ್ಟಿಬಾಟ್ರಾಕಸ್ ಕೆಂಫೋಲೆಯೆನ್ಸಿಸ್. ಕಾಲೇಜಿನಲ್ಲಿದ್ದ ಮೂಲ ಮಾದರಿಗಳು ಮುಂದೆ ಕಳೆದುಹೋದವು, ಉಳಿದದ್ದು ಬರಹ ಮತ್ತು ಚಿತ್ರ. ಆದ್ದರಿಂದ ಬಹುಕಾಲ ಆ ಕಪ್ಪೆ ಕಾಗದದ ಮೇಲಷ್ಟೇ ಇತ್ತು. ಮುಕ್ಕಾಲು ಶತಮಾನ ಕಳೆದು, 2011ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು 12 ಹೊಸ ಇರುಳುಗಪ್ಪೆಗಳ ಜೊತೆಗೆ ಅದರ ಮರುಶೋಧವನ್ನೂ ವರದಿ ಮಾಡಿದರು. ಅದಕ್ಕೂ ಮುಂಚೆ, 2010ರಲ್ಲಿ, ಒಂದು ಪೊದೆಗಪ್ಪೆ ಕುಲಕ್ಕೆ ರಾವ್ ಅವರ ನೆನಪಿನಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಿಡಲಾಗಿತ್ತು. ಇದೇ ಘಾಟಿಯ ಗುಂಡ್ಯದ ಕಡೆಯಿಂದ 1986ರಲ್ಲಿ ಫ್ರಾನ್ಸಿನ ಅಲೈನ್ ದ್ಯುಬ್ವಾ ಇಂಡಿರಾನಾ ಗುಂಡಿಯಾವನ್ನು ಬಣ್ಣಿಸಿದ್ದರು.

ಈ ಕಪ್ಪೆಗಳನ್ನು ಒಂದರಿಂದೊಂದು ಬೇರೆ ಮಾಡುವುದರಲ್ಲಿ ತೇವದ ಪಾತ್ರ ದೊಡ್ಡದು. ಇಂಡಿರಾನಾದ ಮರಿಗಳು ಮಡುವಿನಲ್ಲಿ ಈಜುವುದಿಲ್ಲ. ನೀರು ಜಿನುಗುವ ಬಂಡೆಗೆ ಅಂಟಿಕೊಂಡು, ತೆಳುವಾದ ನೀರಪೊರೆಯಲ್ಲೇ ಬೆಳೆಯುತ್ತವೆ. ರಾವೋರ್ಕೆಸ್ಟಿಸ್ ಕುಲದಲ್ಲಿ ನೀರಲ್ಲಿ ಈಜುವ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆ ಹೊರಬರುತ್ತದೆ. ಇರುಳುಗಪ್ಪೆಯ ಮೈಮೇಲಿನ ಸುಕ್ಕುಗಳನ್ನು ಕಂಡು, ಉಸಿರಾಟಕ್ಕೆ ಹೆಚ್ಚು ಚರ್ಮ ಒದಗಲೆಂದೇ ಅವು ಮೂಡಿವೆ ಎನ್ನಿಸಬಹುದು. ದಕ್ಷಿಣ ಅಮೆರಿಕದ ಟಿಟಿಕಾಕಾ ಸರೋವರದ ಜೋಲುಚರ್ಮದ ಕಪ್ಪೆಯಲ್ಲಿ ಅದು ನಿಜ. ಆದರೆ ಸುಕ್ಕು ಕಂಡಲ್ಲೆಲ್ಲ ಅದೇ ವಿವರಣೆ ಹೊಂದಿಸುವ ಅವಸರ ಸಲ್ಲದು.

ಪ್ರಭೇದಗಳ ನಡುವಿನ ಇಂಥ ಭಿನ್ನತೆ ಆನುವಂಶಿಕ. ಕಣಿವೆ, ಬೆಟ್ಟಸಾಲುಗಳು ಗುಂಪುಗಳನ್ನು ಬಹುಕಾಲ ಅಗಲಿಸಿದ್ದರಿಂದ ಅದು ಬಲಿತಿದೆ. ಒಂದೇ ಪ್ರಭೇದದೊಳಗಿನ ವ್ಯತ್ಯಾಸದಲ್ಲಿ ಪರಿಸರದ ಕೈವಾಡವೂ ಇರುತ್ತದೆ. ಪಕ್ಕದ ಆಲೂರಿನ ಕಡೆ ಗುಡ್ಡಗಳು ತಗ್ಗಿ ಗದ್ದೆ, ಕೆರೆಗಳು ಶುರುವಾಗುತ್ತವೆ. ಅಲ್ಲಿನ ಗದ್ದೆಯ ದೊಡ್ಡ ಕಪ್ಪೆಯ ಗಂಡು ಮುಂಗಾರು ಬಿದ್ದೊಡನೆ ಹಳದಿಗೆ ತಿರುಗಿ, ಬೆದೆ ಮುಗಿದ ಮೇಲೆ ಮಾಸುತ್ತದೆ. ಗುಂಡಿಯ ನೀರು ಬತ್ತುತ್ತ ಬಂದರೆ ಹಲವು ಜಾತಿಯ ಗೊದಮೊಟ್ಟೆಗಳು ಬೇಗನೆ ಕಾಲು ಮೂಡಿಸಿಕೊಂಡು, ಗಾತ್ರದಲ್ಲಿ ಸಣ್ಣವಾಗಿಯೇ ದಡ ಹತ್ತುತ್ತವೆ. ನೀರಿನ ಬಿಸಿಯೂ ಲೆಕ್ಕಕ್ಕೆ ಬರುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ಸಿಹಿನೀರು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ.

ಅನಿಲಕ್ಕೆ ದಾರಿ ಬಿಡುವ ಚರ್ಮ ರಾಸಾಯನಿಕಗಳಿಗೂ ಬಿಡುತ್ತದೆ. ಕಾಫಿ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿರುವ ತಾಮ್ರ ನೀರಿಗಿಳಿದರೆ ಗೊದಮೊಟ್ಟೆಗಳಿಗೆ ವಿಷ. ಹೊಳೆಗಳ ಹರಿವಿನ ಪ್ರಶ್ನೆಯೂ ಇದೆ: ಗುಂಡ್ಯ ಜಲವಿದ್ಯುತ್ ಯೋಜನೆ ಬೇಡವೆಂದು 2011ರಲ್ಲಿ ಪಶ್ಚಿಮ ಘಟ್ಟಗಳ ಕುರಿತ ಮಾಧವ ಗಾಡ್ಗೀಳ್ ಸಮಿತಿ ಹೇಳಿತ್ತು. ಅದೇ ಜಲಾನಯನದ ಎತ್ತಿನಹೊಳೆಯಿಂದ ಪೂರ್ವಕ್ಕೆ ನೀರೆತ್ತುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಚಾಲನೆಗೊಂಡಿತು. ನೀರೆತ್ತುವುದು ಮಳೆಗಾಲದಲ್ಲಿ, ಘಾಟಿಯ ಬಹಳಷ್ಟು ಕಪ್ಪೆಗಳು ಮೊಟ್ಟೆಯಿಡುವುದೂ ಆಗಲೇ.