ಕೋವಿಯ ಮೈಮೇಲಿನ ಕಾಲ

ತೇದಿಯಿಲ್ಲದ ಶಾಸನವೊಂದು ಸಿಕ್ಕಾಗ ಅಕ್ಷರಗಳ ತಿರುವನ್ನು ನೋಡಿ ಅದರ ಶತಮಾನವನ್ನು ನಿರ್ಣಯಿಸುವುದು ನಮ್ಮಲ್ಲಿ ರೂಢಿ. ಅಮೆರಿಕದ ಹಳೆಯ ಉದ್ದಕೋವಿಗಳ ವಿಚಾರವನ್ನು ಓದುತ್ತ ಹೋದಂತೆ, ಅಲ್ಲಿಯ ಬಲ್ಲವರು ಮಾಡುವುದೂ ಇದೇ ಕೆಲಸವೆಂದು ನನಗೆ ತೋರಿತು.

ಹದಿನೆಂಟನೆಯ ಶತಮಾನದಲ್ಲಿ ಜರ್ಮನಿ, ಸ್ವಿಟ್ಸರ್ಲೆಂಡುಗಳಿಂದ ಪೆನ್ಸಿಲ್ವೇನಿಯಕ್ಕೆ ಬಂದ ಕುಶಲಕರ್ಮಿಗಳು 'ಯೇಗರ್' ಎಂಬ ಗಿಡ್ಡ ಬೇಟೆಗೋವಿಯ ವಿದ್ಯೆಯನ್ನು ತಂದರು. ಹೊಸ ನಾಡಿನಲ್ಲಿ ಅದರ ಬಾಯಿ ಕಿರಿದಾಯಿತು. ನಳಿಗೆ 40 ಅಂಗುಲಗಳನ್ನು ಮೀರಿ ಬೆಳೆಯಿತು. ಅಲೆಗೆರೆಗಳ ಮೇಪಲ್ ಮರ ಅದರ ಹಿಡಿಯಾಯಿತು. ಮುಂದೆ ಅದಕ್ಕೆ 'ಕೆಂಟಕಿ ರೈಫಲ್' ಎಂಬ ಹೆಸರು ಅಂಟಿಕೊಂಡಿತಾದರೂ ತವರು ಪೆನ್ಸಿಲ್ವೇನಿಯವೇ.

ರೆಡಿಂಗಿನ ಜಾನ್ ಶ್ರೈಟ್ ತನ್ನ ಹೆಸರಿನೊಡನೆ 1761 ಎಂದು ಕೆತ್ತಿದ ಕೋವಿಯೊಂದು ಉಳಿದಿದೆ. ಅಂಥವು ಅಪರೂಪ. ಮಿಕ್ಕವುಗಳಲ್ಲಿ ಆಕಾರವೇ ಮಾತನಾಡಬೇಕು. ಭುಜಕ್ಕಾನುವ ತುದಿ ದಪ್ಪವಾಗಿ, ಚಪ್ಪಟೆಯಾಗಿದ್ದರೆ ಹಳೆಯದು. ತೆಳುವಾಗಿ, ಬಿದಿಗೆಯ ಚಂದ್ರನಂತೆ ಬಾಗಿದ್ದರೆ ಈಚಿನದು. ಹಿಡಿಯ ಪಕ್ಕದಲ್ಲಿರುವ ಪುಟ್ಟ ಪೆಟ್ಟಿಗೆಗೆ ಮೊದಲು ಜಾರುವ ಮರದ ಮುಚ್ಚಳವಿತ್ತು. ಆಮೇಲೆ ಕೀಲುಳ್ಳ ಹಿತ್ತಾಳೆಯದು ಬಂದಿತು. ಲ್ಯಾಂಕಾಸ್ಟರಿನ ಹಿಡಿ ನೇರಗೆರೆಯದು. ಲೀಹೈ ಕಣಿವೆಯದು ಮೂಗಿನ ಡೊಂಕಿನಂತೆ ಬಾಗಿದ್ದು. ದಕ್ಷಿಣದ ಬೆಟ್ಟಸೀಮೆಯವರು ಹಿತ್ತಾಳೆಯ ಬದಲು ಹೆಚ್ಚಾಗಿ ಕಬ್ಬಿಣವನ್ನೇ ಬಳಸಿದರು.

ಇಷ್ಟು ತಿಳಿದರೆ ಸಾಕೆ? ಸಾಲದು. ಹೆಸರುವಾಸಿಯಾದವನ ನಳಿಗೆಯನ್ನು ಬೇರೊಬ್ಬ ತನ್ನ ಹಿಡಿಗೆ ಜೋಡಿಸಿರಬಹುದು. ಆಗ ನಳಿಗೆಯ ಮೇಲಿನ ಸಹಿ ಅರ್ಧಸತ್ಯ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಚಕಮಕಿಯ ಕೋವಿಗಳನ್ನು ಕೇಪು ಸಿಡಿಯುವ ಹೊಸ ಬಗೆಗೆ ಮಾರ್ಪಡಿಸಿದವರು ಅನೇಕರು. ಹಳತಿಗೆ ಬೆಲೆ ಬಂದ ಮೇಲೆ ಅವುಗಳಿಗೆ ಮತ್ತೆ ಚಕಮಕಿ ಹೂಡಿದವರೂ ಇದ್ದಾರೆ! ಇನ್ನು, ಒಂದು ಊರಿನಲ್ಲಿ ಕಲಿತ ಶಿಷ್ಯ ವರ್ಜೀನಿಯಕ್ಕೋ ಕೆರೊಲಿನಕ್ಕೋ ವಲಸೆ ಹೋದರೆ, ಕೈಯ ವರಸೆಯೂ ಅವನೊಡನೆ ನಡೆಯುತ್ತದೆ. ಶೈಲಿ ಹೇಳುವುದು ಕೋವಿ ಹುಟ್ಟಿದ ಊರನ್ನಲ್ಲ, ಅದನ್ನು ಮಾಡಿದ ಕೈ ಪಳಗಿದ ಊರನ್ನು.

ಆದುದರಿಂದಲೇ ಎಚ್ಚರವುಳ್ಳವರು ಒಂದೇ ಕುರುಹನ್ನು ನೆಚ್ಚುವುದಿಲ್ಲ. ನಳಿಗೆ, ಹಿಡಿ, ಕೆತ್ತನೆ, ಹಿತ್ತಾಳೆ ಎಲ್ಲವೂ ಒಂದೇ ಮಾತನ್ನು ಆಡುತ್ತವೆಯೇ ಎಂದು ಕೇಳುತ್ತಾರೆ. ಜೊತೆಗೆ ಕರ ಕೊಟ್ಟವರ ಹಳೆಯ ಪಟ್ಟಿಗಳನ್ನು ತಿರುವಿ ಆ ಕುಶಲಿ ಯಾವ ವರ್ಷ ಎಲ್ಲಿದ್ದನೆಂದು ನೋಡುತ್ತಾರೆ. ಅವಸರದಲ್ಲಿ ದೊಡ್ಡ ಹೆಸರೊಂದನ್ನು ಅಂಟಿಸಿದರೆ ಕೊಳ್ಳುವವನ ಹಣವಷ್ಟೇ ಹೋಗುವುದಿಲ್ಲ. ಸಹಿ ಹಾಕದೆ ದುಡಿದು ಹೋದ ಯಾರೋ ಒಬ್ಬನಿಗೆ ಉಳಿದಿದ್ದ ಒಂದೇ ಗುರುತೂ ಅಳಿಸಿಹೋಗುತ್ತದೆ. ನಮ್ಮ ಕರ್ತೃ ತಿಳಿಯದ ಓಲೆಗರಿಗಳಿಗೂ ಈ ಎಚ್ಚರ ಸಲ್ಲುತ್ತದೆಂದು ನಾನು ಭಾವಿಸುತ್ತೇನೆ.